ನಂದಿ ಬೆಟ್ಟದ ಮೇಲಿಂದ ಭಾನುವಾರ ಬೆಳಗ್ಗೆ ಏರ್‌ಪೋರ್ಟ್‌ಗೆ ಕಾರು: ಯಾರಿಗೆ ಹೇಳೋದು, ಎಷ್ಟು ಕೊಡೋದು?

ಶಿಡ್ಲಘಟ್ಟದ ರೇಷ್ಮೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದಲ್ಲಿ ನಮ್ಮ ತಂಗಿ ಮದುವೆ. ಬೀಗರ ಕಡೆಯಿಂದ ಐದು ಜನ ಪುಣೆಯಿಂದ ಬರುತ್ತಿದ್ದಾರೆ. ಮದುವೆ ಮುಗಿಸಿಕೊಂಡು ಶನಿವಾರ ರಾತ್ರಿ ನಂದಿ ಬೆಟ್ಟದ ಮೇಲೆ ಉಳಿದು, ಸೂರ್ಯೋದಯ ನೋಡಿ ಹೋಗಬೇಕು ಅಂತ ಅವರಿಗೆ ಆಸೆ. ಮೇಲೆ ರೂಮು ಸಿಕ್ಕಿದೆ. ವಿಮಾನ ಭಾನುವಾರ ಬೆಳಗ್ಗೆ 8:40ಕ್ಕೆ.

ನಮ್ಮ ಮನೆಯಲ್ಲಿ ಕಾರಿಲ್ಲ. ಪ್ರೈವೇಟ್ ಟ್ಯಾಕ್ಸಿ ಮಾಡಿಕೊಡಬೇಕು. ಐದು ಜನ, ಆರು ದೊಡ್ಡ ಸೂಟ್‌ಕೇಸು. ಅವರಲ್ಲಿ ಅಜ್ಜಿಯೊಬ್ಬರಿಗೆ ಮಂಡಿ ನೋವು, ಹೆಚ್ಚು ನಡೆಯೋಕೆ ಆಗಲ್ಲ. ಒಂದು ಟ್ರಾವೆಲ್ಸ್‌ನವರು ಇನ್ನೋವಾಗೆ 4,500 ಹೇಳಿದರು. ಇನ್ನೊಬ್ಬರು 2,800. ಆ್ಯಪ್‌ನಲ್ಲಿ ಇನ್ನೂ ಕಡಿಮೆ ತೋರಿಸುತ್ತಿದೆ. ಇಷ್ಟೊಂದು ವ್ಯತ್ಯಾಸ ಯಾಕೆ? ಬೀಗರ ಮುಂದೆ ಮಾನ ಹೋಗಬಾರದು, ಅಷ್ಟೇ.

ಮುದ್ದೇನಹಳ್ಳಿ ಹುಡುಗ

ಆ್ಯಪ್ ಸಾಕು ಸರ್. ಬೆಟ್ಟದಿಂದ ಏರ್‌ಪೋರ್ಟ್ 40 ಕಿಲೋಮೀಟರ್ ಕೂಡ ಇಲ್ಲ. ಸುಮ್ನೆ ಟ್ರಾವೆಲ್ಸ್‌ನವರಿಗೆ ಯಾಕೆ ದುಡ್ಡು ಸುರಿಯೋದು?

ಗೌರಿಬಿದನೂರು ಅಕ್ಕ

ಹುಡುಗ, ಬೆಟ್ಟದ ಮೇಲೆ ನಿಂತು ಬೆಳಗಿನ ಜಾವ ಆ್ಯಪ್ ತೆಗೆದು ನೋಡಿದ್ದೀಯಾ? ಬೆಂಗಳೂರಿನಿಂದ ಬೆಟ್ಟಕ್ಕೆ ಬರೋಕೆ ಕಾರು ಸಿಗುತ್ತದೆ. ವಾಪಸ್ ಹೋಗೋಕೆ ಸಿಗಲ್ಲ. ಹತ್ತಿರದಲ್ಲಿ ಒಂದು ಕಾರೂ ಇರಲ್ಲ. ಎಲ್ಲೋ ದೇವನಹಳ್ಳಿ ಕಡೆ ಇರುವ ಡ್ರೈವರ್ ಒಪ್ಪಿಕೊಂಡ ಅಂತಿಟ್ಟುಕೋ. ಫೋನ್ ಮಾಡಿ "ಎಲ್ಲಿ ಮೇಡಂ ಪಿಕಪ್ಪು?" ಅಂತಾನೆ. "ನಂದಿ ಬೆಟ್ಟ" ಅಂದ ತಕ್ಷಣ ಕ್ಯಾನ್ಸಲ್. ಅವನದ್ದೂ ತಪ್ಪಿಲ್ಲ. ಖಾಲಿ ಗಾಡಿ ಅಷ್ಟು ಮೇಲೆ ಹತ್ತಿಸಿಕೊಂಡು ಬಂದರೆ ಡೀಸೆಲ್ ಯಾರು ಕೊಡ್ತಾರೆ? ಮನೆಗೆ ಹೋಗೋದಾದರೆ ಕಾಯಬಹುದು. ವಿಮಾನ ಕಾಯಲ್ಲವಲ್ಲ.

ಹಳದಿ ಬೋರ್ಡ್

ನಾನು ಚಿಕ್ಕಬಳ್ಳಾಪುರದಲ್ಲಿ ಟ್ಯಾಕ್ಸಿ ಓಡಿಸುವವನು. ರೇಷ್ಮೆ ಸರ್, ದುಡ್ಡಿನ ಮಾತು ಆಮೇಲೆ. ಮೊದಲು ಗೇಟಿನ ಮಾತು.

ನೀವು ಆರಿಸಿರೋದು ಭಾನುವಾರ ಬೆಳಗ್ಗೆ. ವಾರದಲ್ಲಿ ನಂದಿ ಬೆಟ್ಟಕ್ಕೆ ಅತಿ ಹೆಚ್ಚು ಗಾಡಿ ಬರುವ ಹೊತ್ತು ಅದೇ. ಸೂರ್ಯೋದಯ ನೋಡಬೇಕು ಅಂತ ಬೆಂಗಳೂರಿನಿಂದ ರಾತ್ರಿಯೇ ಹೊರಟ ಬೈಕು, ಕಾರುಗಳು ಗೇಟು ತೆಗೆಯುವ ಮೊದಲೇ ಬೆಟ್ಟದ ಬುಡದಲ್ಲಿ ಸಾಲುಗಟ್ಟಿರುತ್ತವೆ. ನಿಮ್ಮ ಬೀಗರು ಕೆಳಗೆ ಇಳಿಯುವ ರಸ್ತೆ ಖಾಲಿ ಇರುತ್ತದೆ, ಅದರಲ್ಲಿ ತೊಂದರೆ ಇಲ್ಲ. ಆದರೆ ಅವರನ್ನು ಕರೆದುಕೊಂಡು ಹೋಗಬೇಕಾದ ಕಾರು? ಅದು ಮೇಲೆ ಬರಬೇಕಲ್ಲ. ಬೆಳಗ್ಗೆ 5 ಗಂಟೆಗೆ ಬರುತ್ತೇನೆ ಅಂದ ಡ್ರೈವರ್ ಅದೇ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತಾನೆ. ಮುಂದೆ ಗೇಟು ಹಾಕಿದೆ, ಹಿಂದೆ ನೂರಾರು ಗಾಡಿ. ತಿರುಗಿಸೋಕೂ ಆಗಲ್ಲ. ಕೆಲವು ತಿರುವುಗಳಲ್ಲಿ ನೆಟ್‌ವರ್ಕ್ ಇಲ್ಲ, ಫೋನೂ ಹೋಗಲ್ಲ. ಅಜ್ಜಿ ಮೇಲೆ ಶಾಲು ಹೊದ್ದುಕೊಂಡು ಕೂತಿರುತ್ತಾರೆ.

ಹಾಗಾಗಿ ಭಾನುವಾರ ಬೆಳಗ್ಗೆ ಮೇಲಿಂದ ಡ್ರಾಪ್ ಅಂದರೆ ನಾವು ಶನಿವಾರ ಸಂಜೆಯೇ ಗಾಡಿ ಮೇಲೆ ಹಾಕಿಬಿಡುತ್ತೇವೆ. ಡ್ರೈವರ್ ರಾತ್ರಿ ಗಾಡಿಯಲ್ಲೇ ಮಲಗುತ್ತಾನೆ. ನಿಮಗೆ 4,500 ಹೇಳಿದವರು ಈ ನೈಟ್ ಹಾಲ್ಟ್ ಸೇರಿಸಿ ಹೇಳಿರಬಹುದು. 2,800 ಹೇಳಿದವರು ಬೆಳಗ್ಗೆ ಬರುವ ಲೆಕ್ಕದಲ್ಲಿ ಹೇಳಿರಬಹುದು. ಇಬ್ಬರಿಗೂ ಇದೊಂದೇ ಪ್ರಶ್ನೆ ಕೇಳಿ: "ಗಾಡಿ ಶನಿವಾರ ರಾತ್ರಿ ಎಲ್ಲಿರುತ್ತೆ?"

ದೇವನಹಳ್ಳಿ ಚಕ್ಕೋತ

ಅಣ್ಣ ಹೇಳಿದ್ದು ನೂರಕ್ಕೆ ನೂರು ನಿಜ. ಜೊತೆಗೆ ಇನ್ನೊಂದು. ಮೇಲೆ ರೂಮು ಮಾಡಿದವರ ಗಾಡಿಯನ್ನು ಪಾರ್ಕಿಂಗ್ ದಾಟಿ ಒಳಗೆ ಬಿಡುತ್ತಾರಾ, ರಾತ್ರಿ ಡ್ರೈವರ್ ಉಳಿಯಬಹುದಾ, ಬೆಳಗ್ಗೆ ಕತ್ತಲಲ್ಲೇ ಕೆಳಗೆ ಇಳಿಯೋಕೆ ಗೇಟು ತೆಗೆಸುತ್ತಾರಾ, ಈ ಮೂರನ್ನೂ ರೂಮು ಕೊಟ್ಟವರ ಹತ್ತಿರವೇ ಕೇಳಿ. ಬುಕಿಂಗ್ ರಸೀದಿಯ ಫೋಟೋ ಡ್ರೈವರ್‌ಗೂ ಕಳಿಸಿ. ಚೆಕ್‌ಪೋಸ್ಟ್‌ನಲ್ಲಿ ತೋರಿಸೋಕೆ ಬೇಕಾಗುತ್ತೆ. ಅಜ್ಜಿ ಇರೋದರಿಂದ ಪಾರ್ಕಿಂಗ್‌ನಿಂದ ರೂಮಿನವರೆಗಿನ ನಡಿಗೆ ದೊಡ್ಡ ವಿಷಯ.

ಹೊರಡುವ ವಾರ ಇನ್ನೊಮ್ಮೆ ಫೋನ್ ಮಾಡಿ. ಬೆಟ್ಟದ ಮೇಲೆ ವಾಹನ ನಿರ್ಬಂಧ ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ. 2025ರ ಜುಲೈ 2ರಂದು ಸಚಿವ ಸಂಪುಟ ಸಭೆ ಅಲ್ಲೇ ನಡೆದಾಗ ಸಾಮಾನ್ಯ ಪ್ರವಾಸಿಗರನ್ನು ಬಿಡಲಿಲ್ಲ. 2021ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡ ಕುಸಿದು ರಸ್ತೆ ಕೊಚ್ಚಿಹೋಗಿ, ಡಿಸೆಂಬರ್‌ವರೆಗೆ ಬೆಟ್ಟಕ್ಕೆ ಹೋಗೋಕೇ ಆಗಲಿಲ್ಲ. ಫೆಬ್ರವರಿಯಲ್ಲಿ ಮಳೆ ಭಯ ಇಲ್ಲ ಬಿಡಿ.

ಶಿಡ್ಲಘಟ್ಟದ ರೇಷ್ಮೆ

ಅಯ್ಯೋ, ಇದು ಹೊಳೆದೇ ಇರಲಿಲ್ಲ. ಹಳದಿ ಬೋರ್ಡ್ ಅಣ್ಣ, ಹಾಗಾದರೆ ಎಷ್ಟು ಕೊಟ್ಟರೆ ನ್ಯಾಯ? ಸರ್ಕಾರದ ರೇಟು ಅಂತ ಏನಾದರೂ ಇದೆಯಾ?

ನಂದಿ ಹಾಲ್ಟ್

ಇದೆ. ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಸಿಟಿ ಟ್ಯಾಕ್ಸಿಗೂ ಆ್ಯಪ್ ಟ್ಯಾಕ್ಸಿಗೂ ಒಂದೇ ದರ ಮಾಡಿತು. ಗಾಡಿ ಬೆಲೆ ನೋಡಿ ಮೂರು ದರ್ಜೆ. 10 ಲಕ್ಷದವರೆಗಿನ ಗಾಡಿಗೆ ಮೊದಲ 4 ಕಿಲೋಮೀಟರ್‌ಗೆ 100 ರೂಪಾಯಿ, ಆಮೇಲೆ ಕಿಲೋಮೀಟರ್‌ಗೆ 24. 10ರಿಂದ 15 ಲಕ್ಷದ ಗಾಡಿಗೆ 115 ಮತ್ತು 28. 15 ಲಕ್ಷ ದಾಟಿದರೆ 130 ಮತ್ತು 32. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಶೇ 10 ಜಾಸ್ತಿ. ಕಾಯೋದು ಮೊದಲ 5 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ 1 ರೂಪಾಯಿ. ಲಗೇಜು 120 ಕೆಜಿವರೆಗೆ ಉಚಿತ. ಶೇ 5 ಜಿಎಸ್‌ಟಿ ಮತ್ತು ಟೋಲ್ ಬೇರೆ.

ಇನ್ನೋವಾ ಮೂರನೇ ದರ್ಜೆಗೆ ಬರುತ್ತದೆ. 38 ಕಿಲೋಮೀಟರ್ ಅಂತ ಹಿಡಿಯಿರಿ. 130 ಕೂಡಿಸು 34 ಗುಣಿಸು 32, ಒಟ್ಟು 1,218. ಬೆಳಗಿನ ಜಾವದ ಶೇ 10 ಸೇರಿಸಿ 1,340. ಜಿಎಸ್‌ಟಿ ಸೇರಿ ಸುಮಾರು 1,407. ಇಷ್ಟಕ್ಕೆ ಬನ್ನಿ ಅಂದರೆ ಯಾರೂ ಬರಲ್ಲ, ಅದು ಬೇರೆ ಮಾತು.

ಹಳದಿ ಬೋರ್ಡ್

ನಂದಿ ಹಾಲ್ಟ್ ಸರ್ ಲೆಕ್ಕ ಸರಿಯಾಗಿದೆ. ಯಾಕೆ ಬರಲ್ಲ ಅಂತಲೂ ಹೇಳಿಬಿಡುತ್ತೇನೆ. ಆ 38 ಕಿಲೋಮೀಟರ್ ನೀವು ಕೂತಿರುವ ದೂರ ಮಾತ್ರ. ಗಾಡಿ ಊರಿಂದ ಬೆಟ್ಟಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಖಾಲಿ ಹತ್ತುತ್ತದೆ. ಏರ್‌ಪೋರ್ಟ್‌ನಿಂದ ಚಿಕ್ಕಬಳ್ಳಾಪುರಕ್ಕೆ ಖಾಲಿ ವಾಪಸ್ ಬರುತ್ತದೆ. ಏರ್‌ಪೋರ್ಟ್ ಒಳಗೆ ನಾವು ಸಿಕ್ಕಸಿಕ್ಕವರನ್ನು ಹತ್ತಿಸಿಕೊಳ್ಳುವ ಹಾಗಿಲ್ಲ, ಅಲ್ಲಿ ಅವರದ್ದೇ ಟ್ಯಾಕ್ಸಿ ವ್ಯವಸ್ಥೆ ಇದೆ. ಅದರ ಮೇಲೆ ಡ್ರೈವರ್ ಬಾಟಾ, ನೈಟ್ ಹಾಲ್ಟ್, ಶನಿವಾರ ಸಂಜೆಯಿಂದ ಬೇರೆ ಬಾಡಿಗೆ ಇಲ್ಲ. ಮದುವೆ ಸೀಸನ್ನಿನ ಶನಿವಾರ ರಾತ್ರಿ ಇನ್ನೋವಾ ಸುಮ್ಮನೆ ನಿಲ್ಲಿಸೋದು ಅಂದರೆ ನಮಗೆ ನಷ್ಟ.

ನನ್ನ ಮಾತು ಕೇಳಿದರೆ, ನೈಟ್ ಹಾಲ್ಟ್ ಇದ್ದರೆ 4,000ದ ಆಸುಪಾಸು ಅನ್ಯಾಯ ಅಲ್ಲ. ಹಾಲ್ಟ್ ಇಲ್ಲದೆ 2,800 ಜಾಸ್ತಿ. ಇನ್ನೊಂದು ದಾರಿ ಇದೆ: ಶನಿವಾರ ಮದುವೆ ಮನೆಯಿಂದ ಬೆಟ್ಟಕ್ಕೂ ಅದೇ ಗಾಡಿ ಮಾಡಿಕೊಳ್ಳಿ. ಹೇಗೂ ಅವರನ್ನು ಮೇಲೆ ಬಿಡಬೇಕಲ್ಲ. ಖಾಲಿ ಹತ್ತುವ ಲೆಕ್ಕ ಅಲ್ಲೇ ಹೋಯಿತು. ಎರಡೂ ಸೇರಿಸಿ ಒಂದೇ ರೇಟು ಮಾತಾಡಿ.

ಮುದ್ದೇನಹಳ್ಳಿ ಹುಡುಗ

ಇದು ಒಳ್ಳೆ ಐಡಿಯಾ. ನಮ್ಮ ಪಕ್ಕದ ಮನೆಯವರದ್ದು ವೈಟ್ ಬೋರ್ಡ್ ಎರ್ಟಿಗಾ ಇದೆ, 2,000ಕ್ಕೆ ಬರುತ್ತಾರೆ. ನಂಬರ್ ಕೊಡಲಾ?

ನಂದಿ ಹಾಲ್ಟ್

ಬೇಡ ಮರಿ. ಬಾಡಿಗೆಗೆ ಜನ ಕೂರಿಸಿಕೊಳ್ಳಬೇಕಾದರೆ ಪರ್ಮಿಟ್ ಬೇಕು. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಅದನ್ನೇ ಹೇಳುತ್ತದೆ. ವೈಟ್ ಬೋರ್ಡ್ ಗಾಡಿಯ ಇನ್ಶೂರೆನ್ಸು ಮನೆ ಬಳಕೆಗೆ ಮಾಡಿಸಿದ್ದು. ಬಾಡಿಗೆಗೆ ಹೋಗುವಾಗ ಅಪಘಾತವಾದರೆ ಕಂಪನಿಯವರು ತಕರಾರು ತೆಗೆಯುತ್ತಾರೆ. ದಾರಿಯಲ್ಲಿ ಆರ್‌ಟಿಒ ಹಿಡಿದರೆ ಬೀಗರು ಸೂಟ್‌ಕೇಸ್ ಹಿಡಿದುಕೊಂಡು ಹೈವೇಯಲ್ಲಿ ನಿಲ್ಲಬೇಕಾಗುತ್ತೆ.

ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇದ್ದರೆ ಟ್ಯಾಕ್ಸಿ. ಎಲೆಕ್ಟ್ರಿಕ್ ಆದರೆ ಹಸಿರು ಪ್ಲೇಟು, ಹಳದಿ ಅಕ್ಷರ. ಹಸಿರಿನ ಮೇಲೆ ಬಿಳಿ ಅಕ್ಷರ ಇದ್ದರೆ ಅದು ಸ್ವಂತ ಗಾಡಿ. ಬುಕ್ ಮಾಡುವಾಗಲೇ ಪ್ಲೇಟಿನ ಫೋಟೋ ಕೇಳಿ. ನೆಟ್ಟಗಿರುವವರು ಕೊಡುತ್ತಾರೆ.

ಗೌರಿಬಿದನೂರು ಅಕ್ಕ

ಫೋಟೋ ಕೇಳುವಾಗ ಡಿಕ್ಕಿಯದ್ದೂ ಕೇಳಿ ಸರ್! ಇದನ್ನು ಯಾರೂ ಹೇಳಲ್ಲ.

ಈಗಿನ ಟ್ಯಾಕ್ಸಿಗಳಲ್ಲಿ ಸಿಎನ್‌ಜಿ ಜಾಸ್ತಿ. ಮೊನ್ನೆ ನಮ್ಮ ಅತ್ತೆಯವರನ್ನು ಕಳಿಸೋಕೆ ಸೆಡಾನ್ ಹೇಳಿದ್ದೆವು. ಡ್ರೈವರ್ ಡಿಕ್ಕಿ ಎತ್ತಿದ. ಒಳಗೆ ಈ ತುದಿಯಿಂದ ಆ ತುದಿಗೆ ಸಿಲಿಂಡರ್ ಮಲಗಿದೆ. ಅದರ ಮೇಲೊಂದು ಹಳೆ ಕಾರ್ಪೆಟ್ ಹೊದಿಸಿದ್ದಾರೆ. ಮುಂದೆ ಒಂದು ಮೊಳ ಜಾಗ. ಅಲ್ಲಿ ಸ್ಟೆಪ್ನಿ, ನೀರಿನ ಕ್ಯಾನು, ಒರೆಸುವ ಬಟ್ಟೆ. ಒಂದು ಸೂಟ್‌ಕೇಸು ಅಡ್ಡ ಇಟ್ಟರೆ ಮುಚ್ಚಳ ಮುಚ್ಚಲ್ಲ, ಉದ್ದ ಇಟ್ಟರೂ ಮುಚ್ಚಲ್ಲ. ಕೊನೆಗೆ ಒಂದನ್ನು ಮುಂದಿನ ಸೀಟಿಗೆ ಹಾಕಿ, ಇನ್ನೊಂದನ್ನು ಅತ್ತೆ ತೊಡೆ ಮೇಲೆ ಇಟ್ಟುಕೊಂಡರು. "ನನ್ನನ್ನೇ ಲಗೇಜ್ ಮಾಡಿಬಿಟ್ರಲ್ಲಮ್ಮ" ಅಂದರು.

ನಿಮ್ಮದು ಐದು ಜನ, ಆರು ಸೂಟ್‌ಕೇಸು. ಏಳು ಸೀಟಿನ ಗಾಡಿ ಅಂದ ಮಾತ್ರಕ್ಕೆ ಸಾಲಲ್ಲ. ಹಿಂದಿನ ಸಾಲಿನಲ್ಲಿ ಜನ ಕೂತರೆ ಲಗೇಜಿಗೆ ಜಾಗ ಎಲ್ಲಿದೆ? ಮುಂದೆ ಒಬ್ಬರು, ಮಧ್ಯೆ ಮೂವರು, ಹಿಂದಿನ ಸಾಲಿನಲ್ಲಿ ಅರ್ಧ ಮಡಚಿ ಒಬ್ಬರು. ಉಳಿದದ್ದು ಸೂಟ್‌ಕೇಸಿಗೆ. ಆರೂ ಹಿಡಿಯಲ್ಲ, ಮೇಲೆ ಕ್ಯಾರಿಯರ್ ಬೇಕು. ಕ್ಯಾರಿಯರ್ ಇದ್ದರೆ ಟಾರ್ಪಾಲೂ ಇರಬೇಕು. ಬೆಟ್ಟದ ಮಂಜಿಗೆ ಸೂಟ್‌ಕೇಸ್ ನೆಂದು ತೊಪ್ಪೆಯಾಗುತ್ತೆ.

ಹಳದಿ ಬೋರ್ಡ್

ಅಕ್ಕ ಡ್ರೈವರ್ ಆಗಬೇಕಿತ್ತು 😀 ನನ್ನ ಗಾಡಿ ಡೀಸೆಲ್, ಡಿಕ್ಕಿ ಖಾಲಿ ಇದೆ ಅಂತ ಇಲ್ಲೇ ಹೇಳಿಕೊಂಡುಬಿಡುತ್ತೇನೆ.

ತುಮಕೂರು ತಟ್ಟೆ ಇಡ್ಲಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾವು ದೇವರಾಯನದುರ್ಗದ ಹತ್ತಿರ. ಇಲ್ಲಿಂದ ಏರ್‌ಪೋರ್ಟ್‌ಗೆ ಹೋಗುವಾಗ ಡ್ರೈವರ್‌ಗಳು ಈಗಲೂ ನೆಲಮಂಗಲ, ಹೆಬ್ಬಾಳ ಅಂತಲೇ ಹೊರಡುತ್ತಾರೆ. ಬೇರೆ ದಾರಿ ಯಾವುದು?

ನಂದಿ ಹಾಲ್ಟ್

ದಾಬಸ್‌ಪೇಟೆಗೆ ಬಂದು ಸ್ಯಾಟಲೈಟ್ ರಿಂಗ್ ರೋಡ್ ಹಿಡಿಯಿರಿ. ದೊಡ್ಡಬಳ್ಳಾಪುರದ ಮೇಲೆ ನೇರ ದೇವನಹಳ್ಳಿ. ದಾಬಸ್‌ಪೇಟೆಯಿಂದ ಹೊಸಕೋಟೆವರೆಗಿನ ಭಾಗ 2024ರಲ್ಲೇ ಶುರುವಾಗಿದೆ. ಟೋಲ್ ಕಟ್ಟಬೇಕು, ಆದರೆ ಬೆಂಗಳೂರಿನ ಮುಖ ನೋಡಬೇಕಾಗಿಲ್ಲ. ಬುಕ್ ಮಾಡುವಾಗಲೇ ದಾರಿ ಹೇಳಿ ಕಿಲೋಮೀಟರ್ ಲೆಕ್ಕ ಮಾಡಿಸಿ.

ಕೋಲಾರದ ಕೆಂಪು ಮಣ್ಣು

ನಮಗೂ ಅದೇ ರಸ್ತೆ ಹೊಸಕೋಟೆ ಕಡೆಯಿಂದ. ನನಗೆ ಮಾತ್ರ ಹಳೇ ದಾರಿಯೇ ಇಷ್ಟ: ವೇಮಗಲ್, ಎಚ್ ಕ್ರಾಸ್, ವಿಜಯಪುರ, ದೇವನಹಳ್ಳಿ. ಹಗಲಾದರೆ ಚೆನ್ನಾಗಿದೆ. ರಾತ್ರಿ ಬೇಡ. ಹಂಪ್‌ಗಳು ಕಾಣಲ್ಲ, ಲೈಟಿಲ್ಲದ ಟ್ರಾಕ್ಟರ್‌ಗಳೂ ಬರುತ್ತವೆ.

ಅಂದಹಾಗೆ ರೈಲು ಯಾಕೆ ಯಾರೂ ಹೇಳಲಿಲ್ಲ? ಏರ್‌ಪೋರ್ಟ್ ಹತ್ತಿರವೇ ಸ್ಟೇಷನ್ ಇದೆಯಲ್ಲ.

ನಂದಿ ಹಾಲ್ಟ್

ನನ್ನ ಹೆಸರು ನೋಡಿಯೇ ಕೇಳಿದಿರಿ ಅನ್ನಿಸುತ್ತೆ. ಇದೆ. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ವಿಮಾನ ನಿಲ್ದಾಣದ ಹಾಲ್ಟ್, ಅಂದರೆ ಚಿಕ್ಕ ರೈಲು ಸ್ಟೇಷನ್, 2021ರ ಜನವರಿ 4ರಂದು ಶುರುವಾಯಿತು. ಹಾಲ್ಟಿನಿಂದ ಟರ್ಮಿನಲ್‌ಗೆ ಶಟಲ್ ಬಸ್ಸು ಹಿಡಿಯಬೇಕು. ಈ ಮಾರ್ಗದಲ್ಲಿ ರೈಲುಗಳು ಕಮ್ಮಿ. ಒಂದು ಬ್ಯಾಗು ಹಾಕಿಕೊಂಡು ಒಬ್ಬರೇ ಹೋಗುವವರಿಗೆ, ಸಮಯ ಕೂಡಿ ಬಂದರೆ, ಅದಕ್ಕಿಂತ ಅಗ್ಗದ್ದು ಇಲ್ಲ. ಬೆಟ್ಟದ ಮೇಲಿರುವ ಅಜ್ಜಿಗೆ, ಆರು ಸೂಟ್‌ಕೇಸಿಗೆ ಅದು ಆಗದ ಮಾತು.

ಶಿಡ್ಲಘಟ್ಟದ ರೇಷ್ಮೆ

ಸರಿ, ಗಾಡಿ ಶನಿವಾರ ಸಂಜೆಯಿಂದಲೇ ಅಂತ ತೀರ್ಮಾನ ಮಾಡಿದೆವು. ಈಗ ಎಷ್ಟು ಹೊತ್ತಿಗೆ ಹೊರಡಬೇಕು ಹೇಳಿ. ಬೀಗರು 6:30ಕ್ಕೆ ಸೂರ್ಯೋದಯ ನೋಡಿ ಹೊರಟರೆ ಸಾಕಲ್ವಾ, ಒಂದು ಗಂಟೆ ದಾರಿ ತಾನೆ ಅಂತಿದ್ದಾರೆ.

ದೇವನಹಳ್ಳಿ ಚಕ್ಕೋತ

ಸಾಕಾಗಲ್ಲ! ಹಿಂದಿನಿಂದ ಲೆಕ್ಕ ಹಾಕಿ. ವಿಮಾನ 8:40. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಚೆಕ್‌-ಇನ್ ಕೌಂಟರ್ ಮುಚ್ಚುತ್ತಾರೆ. ಅಂದರೆ 7:40ಕ್ಕೆ ಆರು ಸೂಟ್‌ಕೇಸೂ ಬೆಲ್ಟ್ ಮೇಲೆ ಹೋಗಿರಬೇಕು. ಅಜ್ಜಿಗೆ ವ್ಹೀಲ್‌ಚೇರ್ ಬೇಕು. ಅದನ್ನು ವಿಮಾನದವರಿಗೆ ಮೊದಲೇ ಹೇಳಿಟ್ಟಿರಬೇಕು, ಆದರೂ ಬರೋಕೆ ಸ್ವಲ್ಪ ಹೊತ್ತಾಗುತ್ತೆ. ಹಾಗಾಗಿ ಟರ್ಮಿನಲ್ ಬಾಗಿಲಲ್ಲಿ 6:30ಕ್ಕೆ ಇರಬೇಕು. ದಾರಿಗೆ ಒಂದೂಕಾಲು ಗಂಟೆ ಇಟ್ಟುಕೊಳ್ಳಿ. 5:15ಕ್ಕೆ ಮೇಲಿಂದ ಗಾಡಿ ಕದಲಬೇಕು. ಫೆಬ್ರವರಿಯಲ್ಲಿ ಸೂರ್ಯ ಹುಟ್ಟೋದು ಆರೂವರೆ ಮೇಲೆ. ಸೂರ್ಯೋದಯ ಬೇಕಿದ್ದರೆ ಮಧ್ಯಾಹ್ನದ ವಿಮಾನಕ್ಕೆ ಬದಲಿಸಬೇಕು. ಎರಡೂ ಆಗಲ್ಲ.

ಹಳದಿ ಬೋರ್ಡ್

ಇದನ್ನು ಬೀಗರಿಗೆ ಈಗಲೇ ಹೇಳಿಬಿಡಿ ಸರ್. ಅಲ್ಲಿಗೆ ಹೋದ ಮೇಲೆ ಹೇಳಿದರೆ ಬೇಜಾರಾಗುತ್ತೆ. ಸೂರ್ಯಾಸ್ತ ತೋರಿಸಬಹುದು. ಶನಿವಾರ ಮಧ್ಯಾಹ್ನ ಬೇಗ ಹೊರಡಿಸಿದರೆ ಟಿಪ್ಪು ಡ್ರಾಪ್, ಯೋಗನಂದೀಶ್ವರ ದೇವಸ್ಥಾನ, ಅಮೃತ ಸರೋವರ ಎಲ್ಲ ಸಂಜೆಯೇ ಆಗುತ್ತದೆ. ಕೆಳಗೆ ಭೋಗನಂದೀಶ್ವರನ ದರ್ಶನವೂ ಮಾಡಿಸಿ. ಅಜ್ಜಿಗೆ ಅಲ್ಲಿ ಹತ್ತೋದು ಇಳಿಯೋದು ಅಷ್ಟಿಲ್ಲ. ಮೇಲೆ ಲಗೇಜ್ ಇಳಿಸುವಾಗ ಮಾತ್ರ ಮದುವೆ ಲಾಡಿನ ಚೀಲ ಕೈಯಲ್ಲಿ ತೂಗಾಡಿಸಿಕೊಂಡು ನಿಲ್ಲಬೇಡಿ. ಅಲ್ಲಿನ ಕೋತಿಗಳು ಕೇಳಿ ತಗೊಳ್ಳಲ್ಲ.

ಬೆಳಗ್ಗೆ ಮಂಜಿದ್ದರೆ ಘಾಟಿ ಇಳಿಯೋದು ನಿಧಾನ. ಎರಡನೇ ಗೇರಲ್ಲೇ ಇಳಿಸುತ್ತೇವೆ. ಎದುರಿಗೆ ಬೈಕಿನವರು ತಿರುವಿನಲ್ಲಿ ನಮ್ಮ ಕಡೆಗೇ ಬರುತ್ತಾರೆ. "ಬೇಗ ಹೋಗಪ್ಪ" ಅಂತ ಹಿಂದಿನಿಂದ ಅನ್ನಬೇಡಿ ಅಂತಲೂ ಹೇಳಿಡಿ. ಕಾರಹಳ್ಳಿ ಕ್ರಾಸ್ ದಾಟಿ ರಾಣಿ ಕ್ರಾಸಿಗೆ ಬಂದು ಹೈವೇ ಹಿಡಿದ ಮೇಲೆ ಯೋಚನೆ ಇಲ್ಲ.

ಗೌರಿಬಿದನೂರು ಅಕ್ಕ

ಮಂಜಿನ ಮಾತು ಬಂತು ಅಂತ ಹೇಳುತ್ತೇನೆ. ಚಳಿಗಾಲದಲ್ಲಿ ದೇವನಹಳ್ಳಿಯಲ್ಲೂ ಬೆಳಗ್ಗೆ ಮಂಜು ಕವಿದು ವಿಮಾನಗಳು ತಡವಾಗುತ್ತವೆ. "ವಿಮಾನ ಎರಡು ಗಂಟೆ ಲೇಟು" ಅಂತ ಮೆಸೇಜ್ ಬಂದರೂ ನೀವು ಲೇಟಾಗಿ ಹೊರಡಬೇಡಿ. ಮಂಜು ಕರಗಿದರೆ ಸಮಯ ಮತ್ತೆ ಹಿಂದಕ್ಕೆ ಬರಬಹುದು. ಅಲ್ಲಿ ಹೋಗಿ ಕಾಫಿ ಕುಡೀತಾ ಕೂತರೆ ಏನೂ ನಷ್ಟ ಇಲ್ಲ.

ಮುದ್ದೇನಹಳ್ಳಿ ಹುಡುಗ

ಟೋಲ್ ಎಷ್ಟಾಗುತ್ತೆ? ಬಿಲ್ಲಿನಲ್ಲಿ "ಟೋಲ್ ಬೇರೆ" ಅಂತ ಬರೀತಾರಲ್ಲ.

ದೇವನಹಳ್ಳಿ ಚಕ್ಕೋತ

ಸಾದಹಳ್ಳಿ ಟೋಲ್ ಏರ್‌ಪೋರ್ಟ್ ತಿರುವು ದಾಟಿ ಬೆಂಗಳೂರು ಕಡೆ ಇದೆ. ನಂದಿ ಕಡೆಯಿಂದ ಬಂದವರು ಅದಕ್ಕಿಂತ ಮುಂಚೆಯೇ ಫ್ಲೈಓವರ್ ಹತ್ತಿ ಏರ್‌ಪೋರ್ಟ್‌ಗೆ ತಿರುಗುತ್ತಾರೆ. ಹಾಗಾಗಿ ಸಾದಹಳ್ಳಿ ಟೋಲ್ ಅಂತ ದುಡ್ಡು ಕೇಳಿದರೆ ರಸೀದಿ ತೋರಿಸಿ ಅನ್ನಿ.

ನಂದಿ ಹಾಲ್ಟ್

ಮಾತಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ ರೇಷ್ಮೆಯವರೇ. ಫೋನಿನಲ್ಲಿ "ಆಯ್ತು ಸರ್, ಆಯ್ತು ಸರ್" ಅಂದದ್ದು ಬೆಳಗ್ಗೆ ನೆನಪಿರಲ್ಲ. ನಾನು ಕಳಿಸುವ ಮೆಸೇಜ್ ಹೀಗಿರುತ್ತದೆ, ಬೇಕಾದರೆ ಬಳಸಿಕೊಳ್ಳಿ:

"ನಮಸ್ಕಾರ. ಶನಿವಾರ ಮಧ್ಯಾಹ್ನ 3ಕ್ಕೆ ಚಿಕ್ಕಬಳ್ಳಾಪುರ ಛತ್ರದಿಂದ ನಂದಿ ಬೆಟ್ಟದ ಮೇಲಕ್ಕೆ. ರಾತ್ರಿ ಗಾಡಿ ಮೇಲೆಯೇ ಇರಬೇಕು. ಭಾನುವಾರ ಬೆಳಗ್ಗೆ 5:15ಕ್ಕೆ ಏರ್‌ಪೋರ್ಟ್ ಟರ್ಮಿನಲ್ 1. ಐದು ಜನ, ಆರು ದೊಡ್ಡ ಸೂಟ್‌ಕೇಸ್, ಕ್ಯಾರಿಯರ್ ಮತ್ತು ಟಾರ್ಪಾಲ್ ಬೇಕು. ಹಳದಿ ಬೋರ್ಡ್ ಇನ್ನೋವಾ. ಬಾಟಾ, ಹಾಲ್ಟ್, ಪಾರ್ಕಿಂಗ್, ಜಿಎಸ್‌ಟಿ ಎಲ್ಲ ಸೇರಿ ಇಷ್ಟು. ಅಡ್ವಾನ್ಸ್ ಇಷ್ಟು. ಗಾಡಿ ನಂಬರ್, ಡ್ರೈವರ್ ಹೆಸರು ಶುಕ್ರವಾರ ಕಳಿಸಿ."

ಟರ್ಮಿನಲ್ 1 ಅಂತ ನಾನು ಉದಾಹರಣೆಗೆ ಬರೆದಿದ್ದೇನೆ. ನಿಮ್ಮ ಟಿಕೆಟ್ ನೋಡಿ ಬರೆಯಿರಿ. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳು ಟರ್ಮಿನಲ್ 2ರಲ್ಲಿ. ದೇಶದೊಳಗಿನವು ಕಂಪನಿ ನೋಡಿ ಎರಡರಲ್ಲೂ ಹಂಚಿಹೋಗಿವೆ. ತಪ್ಪು ಬಾಗಿಲಲ್ಲಿ ಇಳಿದರೆ ಅಜ್ಜಿ, ಸೂಟ್‌ಕೇಸು ಎಲ್ಲ ಮತ್ತೆ ಹತ್ತಿಸಬೇಕು. ಅಡ್ವಾನ್ಸ್ ಪೂರ್ತಿ ಕೊಡಬೇಡಿ. ಡೀಸೆಲ್‌ಗೆ ಆಗುವಷ್ಟು ಕೊಡಿ, ಉಳಿದದ್ದು ಟರ್ಮಿನಲ್‌ನಲ್ಲಿ.

ಶಿಡ್ಲಘಟ್ಟದ ರೇಷ್ಮೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 4,500 ಹೇಳಿದವರಿಗೇ ಫೋನ್ ಮಾಡಿ ಕೇಳಿದೆ. ಅವರದ್ದು ನೈಟ್ ಹಾಲ್ಟ್ ಸೇರಿಸಿಯೇ ಅಂತೆ. 2,800ರವರು "ಬೆಳಗ್ಗೆ ಮೂರಕ್ಕೇ ಬಂದುಬಿಡ್ತೀವಿ ಸರ್, ಗೇಟು ನಾವು ನೋಡ್ಕೊತೀವಿ" ಅಂದರು. ಬೇಡ ಅಂದೆ. ಶನಿವಾರದ ಬೆಟ್ಟದ ಡ್ರಾಪೂ ಸೇರಿಸಿ ಮೊದಲಿನವರ ಜೊತೆ 4,800ಕ್ಕೆ ಮಾತಾಯಿತು. ಪುಣೆಯವರಿಗೆ ಸೂರ್ಯೋದಯ ಇಲ್ಲ ಅಂತಲೂ ಹೇಳಿಯಾಯಿತು. ಅಜ್ಜಿಗೆ ಖುಷಿ, "ಅಷ್ಟು ಚಳಿಯಲ್ಲಿ ಯಾರು ಏಳ್ತಾರೆ" ಅಂದರಂತೆ.

ಕೋಲಾರದ ಕೆಂಪು ಮಣ್ಣು

ಒಂದು ಅನುಮಾನ. ಅವರು ಪುಣೆಯಿಂದ ಬರುವ ದಿನ ಪಿಕಪ್‌ಗೂ ಇದೇ ಗಾಡಿ ಹೇಳಬಹುದಾ? ಡ್ರೈವರ್ ಒಳಗೆ ಬೋರ್ಡ್ ಹಿಡಿದುಕೊಂಡು ನಿಲ್ಲುತ್ತಾನಾ?

ಹಳದಿ ಬೋರ್ಡ್

ಹೇಳಬಹುದು. ಆದರೆ ಹೊರಗೆ ಬರುವ ಬಾಗಿಲ ಮುಂದೆ ಗಾಡಿ ನಿಲ್ಲಿಸಿಕೊಂಡು ಕಾಯೋಕೆ ಬಿಡಲ್ಲ. ಸಮಯ ಮೀರಿದರೆ ದುಡ್ಡು ಬೀಳುತ್ತೆ. ನಾವು ಪಾರ್ಕಿಂಗ್‌ನಲ್ಲಿ ಇರುತ್ತೇವೆ. ವಿಮಾನ ಇಳಿದ ತಕ್ಷಣ ಫೋನ್ ಮಾಡಬೇಡಿ, ಸೂಟ್‌ಕೇಸೆಲ್ಲ ಕೈಗೆ ಬಂದ ಮೇಲೆ ಮಾಡಿ. ಯಾವ ಟರ್ಮಿನಲ್ ಅಂತ ಹೇಳಿದರೆ ಸಾಕು. ಹಳದಿ ಬೋರ್ಡ್ ಗಾಡಿಯವರು ಪಾರ್ಕಿಂಗ್‌ನಲ್ಲೇ ಹತ್ತಿಸಿಕೊಳ್ಳಬೇಕು. ಬೋರ್ಡ್ ಹಿಡಿದು ನಿಲ್ಲಬೇಕು ಅಂದರೆ ಪಾರ್ಕಿಂಗ್ ದುಡ್ಡು ನಿಮ್ಮದು, ಅದನ್ನೂ ಮೆಸೇಜಿನಲ್ಲಿ ಸೇರಿಸಿ.